ಹವಳದ ತೊಟ್ಟಿಯ ಐಪ್ಟೇಶಿಯಾ: ಕೆರೆಯದೆ ತೊಲಗಿಸುವ ಬಗೆ

ಬಂಡೆಯ ಸಂದಿನಲ್ಲಿ ಕಂದು ಬಣ್ಣದ, ಗಾಜಿನಷ್ಟು ತೆಳುವಾದ ಪುಟ್ಟ ಹೂವೊಂದು ಕಂಡರೆ ಅದನ್ನು ಬೆರಳಿನಿಂದ ಚಿವುಟಬೇಡಿ, ಹಳೆಯ ಬ್ರಷ್ಷಿನಿಂದ ಉಜ್ಜಬೇಡಿ, ಬ್ಲೇಡಿನಿಂದ ಕೆರೆಯಬೇಡಿ. ಉಪ್ಪುನೀರಿನ ತೊಟ್ಟಿ ಇಟ್ಟ ಬಹುಪಾಲು ಜನರು ಮೊದಲು ಮಾಡುವುದು ಇದನ್ನೇ. ಒಂದಿದ್ದದ್ದು ಹತ್ತಾಗುವುದೂ ಇದರಿಂದಲೇ.

ಐಪ್ಟೇಶಿಯಾ ಎಂಬ ಈ ಅನಿಮೋನ್, ಅಂದರೆ ಹೂವಿನಂತೆ ಕಾಣುವ ಕಡಲ ಪ್ರಾಣಿ, ಸಂತಾನ ಬೆಳೆಸುವುದಕ್ಕೆ ಸಂಗಾತಿಗಾಗಿ ಕಾಯಬೇಕಿಲ್ಲ. ಬಂಡೆಗೆ ಅಂಟಿಕೊಂಡ ಅದರ ಪಾದದಿಂದ ಚೂರುಗಳು ಬೇರ್ಪಟ್ಟು ಅಲ್ಲಲ್ಲೇ ಉಳಿಯುತ್ತವೆ, ಒಂದೊಂದು ಚೂರೂ ಕೆಲವೇ ವಾರಗಳಲ್ಲಿ ಬಾಯಿ ಮತ್ತು ಗ್ರಹಣಾಂಗ ಮೂಡಿಸಿಕೊಂಡು ಪೂರ್ತಿ ಅನಿಮೋನ್ ಆಗುತ್ತದೆ. ಅದು ತಾನಾಗಿಯೇ ಜಾಗ ಬದಲಿಸುವಾಗ ನಡೆಯುವ ಈ ಕೆಲಸವನ್ನು ಬ್ಲೇಡು ಇನ್ನಷ್ಟು ಚುರುಕಾಗಿ ಮಾಡಿಕೊಡುತ್ತದೆ. ಹೀಗಾಗಿ ಮುಂದೆ ಹೇಳುವ ಪ್ರತಿಯೊಂದು ವಿಧಾನವನ್ನೂ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಇದು ಪಾದದವರೆಗೆ ಮುಟ್ಟುತ್ತದೆಯೇ? ಮುಟ್ಟದಿದ್ದರೆ ಆ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಇದರ ಗಟ್ಟಿತನಕ್ಕೆ ಪ್ರಯೋಗಾಲಯಗಳೇ ಸಾಕ್ಷಿ. ಹವಳಗಳು ಬಿಳಿಚಿಕೊಳ್ಳುವ ಕಾರಣವನ್ನು ಹುಡುಕುವ ಜೀವವಿಜ್ಞಾನಿಗಳು ನಾವು ಕೊಲ್ಲಲು ಹೆಣಗುವ ಇದೇ ಪ್ರಾಣಿಯನ್ನು ಡಬ್ಬಿಗಳಲ್ಲಿ ಬೇಕೆಂದೇ ಬೆಳೆಸುತ್ತಾರೆ. ಹವಳದಂತೆಯೇ ಇದರ ಮೈಯೊಳಗೂ ಸಹಜೀವಿ ಪಾಚಿ ಇದೆ, ಸಾಕುವುದು ಮಾತ್ರ ಹವಳಕ್ಕಿಂತ ಎಷ್ಟೋ ಸುಲಭ. 2015ರಲ್ಲಿ ಇದರ ಜೀನೋಮ್ ಕೂಡ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ಇದರ ಪಾಚಿಯನ್ನು ಪೂರ್ತಿ ಕಳೆದು, ಕತ್ತಲಲ್ಲಿಟ್ಟು, ಆಹಾರ ಮಾತ್ರ ಕೊಡುತ್ತಾ ದೀರ್ಘಕಾಲ ಜೀವಂತವಾಗಿ ಇಡುತ್ತಾರೆ. ಆದ್ದರಿಂದ ಯಾರಾದರೂ ನಿಮಗೆ ‘ಒಂದು ವಾರ ದೀಪ ಆರಿಸಿಡಿ, ತಾನಾಗಿ ಸಾಯುತ್ತದೆ’ ಎಂದರೆ ನಂಬಬೇಡಿ. ಅಷ್ಟರಲ್ಲಿ ಸೊರಗುವುದು ನಿಮ್ಮ ಹವಳಗಳು.

ಮೊದಲು ಗುರುತು ಹಿಡಿಯಿರಿ

ಐಪ್ಟೇಶಿಯಾಕ್ಕೆ ಉದ್ದವಾದ ತೆಳು ಕಾಂಡ, ತುದಿ ಚೂಪಾದ ಉದ್ದನೆಯ ಗ್ರಹಣಾಂಗಗಳು, ನಡುವೆ ಬಾಯಿ ಇರುತ್ತವೆ. ಮುಟ್ಟಲು ಹೋದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಂದಿನೊಳಗೆ ಮಾಯವಾಗುತ್ತದೆ. ಹೆಚ್ಚು ಕೆಣಕಿದರೆ ಮೈಯಿಂದ ಬಿಳಿಯ ಎಳೆಗಳನ್ನು ಹೊರಹಾಕುತ್ತದೆ. ಆ ಎಳೆಗಳಲ್ಲಿ ಕುಟುಕುವ ಕೋಶಗಳು ತುಂಬಿರುತ್ತವೆ, ಪಕ್ಕದ ಹವಳದ ಮೈ ಸುಡುವುದು ಇವೇ.

ಎರಡನೆಯ ಪೀಡೆ ಮಜಾನೋ ಎಂಬ ಇನ್ನೊಂದು ಅನಿಮೋನ್. ಇದು ಗಿಡ್ಡ, ದಪ್ಪ. ಗ್ರಹಣಾಂಗಗಳ ತುದಿ ಮೊಂಡಾಗಿ ಉಬ್ಬಿರುತ್ತದೆ, ಹಸಿರು ಮಿಶ್ರಿತ ಕಂದು ಬಣ್ಣ, ಕೆಲವೊಮ್ಮೆ ತುದಿಯಲ್ಲಿ ನಸುಗೆಂಪು. ಚೆನ್ನಾಗಿ ಕಾಣುತ್ತದೆ ಎಂಬುದೇ ಇದರ ಅಪಾಯ. ಕ್ಲೌನ್ ಮೀನಿನ ಮನೆಯಾಗುವ ಬಬಲ್ ಟಿಪ್ ಅನಿಮೋನಿನ ಮರಿ ಎಂದುಕೊಂಡು ಜನ ಇದನ್ನು ತಿಂಗಳುಗಟ್ಟಲೆ ಸಾಕುತ್ತಾರೆ. ಹಾಗೆಯೇ ಏನೂ ತಪ್ಪು ಮಾಡದ ಜೀವಿಗಳನ್ನು ಕೊಲ್ಲುವುದೂ ಉಂಟು. ಗರಿಯಂತೆ ಕವಲೊಡೆದು ಒಂದು ಸಣ್ಣ ಕೊಳವೆಯಿಂದ ಹೊರಚಾಚಿಕೊಂಡಿದ್ದರೆ ಅದು ಕೊಳವೆ ಹುಳು, ನೀರು ಸೋಸಿ ತಿನ್ನುವ ನಿರುಪದ್ರವಿ, ಬಿಟ್ಟುಬಿಡಿ. ಪಾರದರ್ಶಕ ಗ್ರಹಣಾಂಗಗಳ ತುದಿಯಲ್ಲಿ ಬಿಳಿ ಅಥವಾ ಕಿತ್ತಳೆ ಬಣ್ಣದ ಗುಂಡುಗಳಿದ್ದು ರಾತ್ರಿ ಮಾತ್ರ ಅರಳಿದರೆ ಅದು ಬಾಲ್ ಅನಿಮೋನ್, ಬೇರೆಯೇ ಜೀವಿ.

ಗುರುತು ಸಿಕ್ಕ ಮೇಲೆ ಎಣಿಸಿ. ಹಗಲು ಒಮ್ಮೆ, ದೀಪ ಆರಿ ಒಂದು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ಇನ್ನೊಮ್ಮೆ. ಮುಂಭಾಗದ ಗಾಜಿನಿಂದ ಕಾಣುವಷ್ಟನ್ನು ಮಾತ್ರ ಎಣಿಸಿ ಸುಮ್ಮನಾಗಬೇಡಿ. ಬಂಡೆಯ ಹಿಂಬದಿ, ನೀರು ಇಳಿಯುವ ಪೆಟ್ಟಿಗೆಯ ಒಳಗೋಡೆ, ಪಂಪಿನ ಮೈ, ಎಲ್ಲಕ್ಕಿಂತ ಮುಖ್ಯವಾಗಿ ತೊಟ್ಟಿಯ ಕೆಳಗಿನ ಸಂಪ್, ಅಂದರೆ ನೀರು ಸೋಸುವ ಪೆಟ್ಟಿಗೆ, ನೋಡಬೇಕು. ಮೇಲೆ ಎಷ್ಟು ಕೊಂದರೂ ಮತ್ತೆ ಮತ್ತೆ ಬರುತ್ತಿದೆ ಎನ್ನುವವರ ಸಂಪಿನಲ್ಲಿ ಬಹುತೇಕ ಒಂದು ನರ್ಸರಿಯೇ ಇರುತ್ತದೆ. ಅಲ್ಲಿ ಅವನ್ನು ತಿನ್ನುವ ಮೀನಿಲ್ಲ, ಆಹಾರ ಮಾತ್ರ ಹರಿದು ಬರುತ್ತಲೇ ಇರುತ್ತದೆ.

ಎಣಿಕೆ ಹತ್ತು ಹದಿನೈದರೊಳಗಿದ್ದರೆ ಸಿರಿಂಜ್ ಸಾಕು. ಐವತ್ತು ದಾಟಿದ್ದರೆ ಸಿರಿಂಜಿನಿಂದ ಕೈ ಸೋಲುತ್ತದೆ, ಅವನ್ನು ತಿನ್ನುವ ಜೀವಿಯನ್ನು ತರಬೇಕು. ನಡುವಿನ ಸಂಖ್ಯೆಗೆ ಎರಡನ್ನೂ ಒಂದಾದ ಮೇಲೊಂದರಂತೆ ಬಳಸಬಹುದು, ಒಟ್ಟಿಗೆ ಬೇಡ.

ಸುಣ್ಣದ ಪೇಸ್ಟ್

ಅಂಗಡಿಯಲ್ಲಿ ಐಪ್ಟೇಶಿಯಾ-ಎಕ್ಸ್‌ನಂಥ ಸಿದ್ಧ ದ್ರಾವಣಗಳು ಸಿಗುತ್ತವೆ, ಸಿಕ್ಕರೆ ಬಳಸಿ. ಸಿಗದಿದ್ದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣದ ಪುಡಿ, ಅದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಇಲ್ಲಿ ಒಂದು ಎಚ್ಚರಿಕೆ. ವೀಳ್ಯದೆಲೆಗೆ ಹಚ್ಚುವ ಡಬ್ಬಿಯ ಸುಣ್ಣವಾಗಲಿ, ಗೋಡೆಗೆ ಬಳಿಯುವ ಸುಣ್ಣವಾಗಲಿ ಬೇಡ. ಮೊದಲನೆಯದರಲ್ಲಿ ಬೇರೆ ಏನೇನು ಬೆರೆಸಿದ್ದಾರೋ ತಿಳಿಯುವುದಿಲ್ಲ, ಎರಡನೆಯದರಲ್ಲಿ ಕಲ್ಮಶ ಹೆಚ್ಚು. ಅಕ್ವೇರಿಯಂ ಅಂಗಡಿಯಲ್ಲಿ ಕಾಲ್ಕ್‌ವಾಸರ್ ಎಂಬ ಹೆಸರಿನಲ್ಲಿ ಸಿಗುವ ಇದೇ ಪುಡಿಯನ್ನೋ, ರಾಸಾಯನಿಕ ಮಾರುವವರಲ್ಲಿ ಸಿಗುವ ಶುದ್ಧ ದರ್ಜೆಯದನ್ನೋ ತನ್ನಿ. ಕೈಗವಸು, ಕನ್ನಡಕ ಹಾಕಿಕೊಂಡೇ ಕಲಸಿ. ಸುಣ್ಣದ ತಿಳಿನೀರಿನ ಪಿಎಚ್ 12ಕ್ಕೂ ಮೇಲಿರುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು.

ಒಂದು ಟೀ ಚಮಚ ಪುಡಿಗೆ ಆರ್‌ಒ ನೀರನ್ನು ಹನಿ ಹನಿಯಾಗಿ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಸೂಜಿಯಿಂದ ಇಳಿಯಬೇಕು, ನೀರಿನಲ್ಲಿ ಚದುರಬಾರದು, ಅಷ್ಟೇ ಹದ. ಐದು ಮಿಲಿಲೀಟರಿನ ಸಿರಿಂಜಿಗೆ ತುಂಬಿ. ದಪ್ಪ ಸೂಜಿ ಇರಲಿ, ಸಣ್ಣ ಸೂಜಿ ಎರಡನೆಯ ಅನಿಮೋನಿಗೇ ಕಟ್ಟಿಕೊಳ್ಳುತ್ತದೆ.

ಹೊತ್ತು ನೋಡಿಕೊಂಡು ಕೆಲಸ ಶುರು ಮಾಡಿ. ರಾತ್ರಿಯಿಡೀ ತೊಟ್ಟಿಯ ಜೀವಿಗಳೆಲ್ಲ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟಿರುವುದರಿಂದ ಬೆಳಗ್ಗೆ ದೀಪ ಹತ್ತಿದ ಹೊಸದರಲ್ಲಿ ನೀರಿನ ಪಿಎಚ್ ಕೆಳಮಟ್ಟದಲ್ಲಿರುತ್ತದೆ. ಸುಣ್ಣ ಅದನ್ನು ಏರಿಸುತ್ತದೆ, ಆದ್ದರಿಂದ ಏರಲು ಜಾಗವಿರುವ ಹೊತ್ತೇ ಒಳ್ಳೆಯದು. ಮೊದಲು ಪಿಎಚ್ ಅಳೆದು ಬರೆದಿಟ್ಟುಕೊಳ್ಳಿ. ನಂತರ ನೀರು ಓಡಿಸುವ ಪಂಪುಗಳನ್ನೆಲ್ಲ ಆರಿಸಿ, ಮತ್ತೆ ಹಾಕಲು ನೆನಪಿಸುವಂತೆ ಮೊಬೈಲಿನಲ್ಲಿ ಅಲಾರಂ ಇಡಿ. ಪಂಪು ಹಾಕಲು ಮರೆತು ಮೀನು ಕಳೆದುಕೊಂಡವರ ಕತೆಗಳು ಈ ಹವ್ಯಾಸದಲ್ಲಿ ಬೇಕಾದಷ್ಟಿವೆ.

ನೀರು ನಿಂತ ಮೇಲೆ ಅನಿಮೋನಿಗೆ ಊಟ ಹಾಕಿ. ಕೊಲ್ಲುವ ಮುನ್ನ ಊಟವೇ ಎಂದು ನಗಬೇಡಿ. ಕರಗಿಸಿದ ಮೈಸಿಸ್ ಸೀಗಡಿಯ ಒಂದು ಚೂರನ್ನು ಅದರ ಮೇಲೆ ಬೀಳಿಸಿದರೆ ಅದು ಅರಳಿ ಬಾಯಿ ತೆರೆಯುತ್ತದೆ. ಆಗ ಸೂಜಿಯ ತುದಿಯನ್ನು ಮೇಲಿನಿಂದ, ಗ್ರಹಣಾಂಗಗಳಿಗೆ ತಗುಲದಂತೆ ನಿಧಾನವಾಗಿ ಬಾಯಿಯ ಹತ್ತಿರ ತಂದು ಪೇಸ್ಟನ್ನು ಮೆಲ್ಲಗೆ ಬಿಡಿ. ಅದು ಆಹಾರವೆಂದೇ ನುಂಗುತ್ತದೆ. ನುಂಗಿ ಮುದುಡಿಕೊಂಡ ಕೂಡಲೇ ಅದರ ಮೇಲೆ ಇನ್ನಷ್ಟು ಪೇಸ್ಟ್ ಸುರಿದು ಪೂರ್ತಿ ಮುಚ್ಚಿ. ಒಳಗೆ ಹೋದದ್ದು ಹೊಟ್ಟೆಯನ್ನು ಸುಡುತ್ತದೆ, ಹೊರಗೆ ಮುಚ್ಚಿದ್ದು ಪಾದವನ್ನು. ಎರಡೂ ಬೇಕು. ಅಷ್ಟರಲ್ಲಿ ಅದು ಸಂದಿನೊಳಕ್ಕೆ ಸರಿದುಬಿಟ್ಟರೆ ಸಂದಿನ ಬಾಯಿಯ ತನಕ ಪೇಸ್ಟ್ ತುಂಬಿ.

ಹದಿನೈದು ಇಪ್ಪತ್ತು ನಿಮಿಷ ಹಾಗೆಯೇ ಬಿಡಿ. ಆಮೇಲೆ ತೆಳುವಾದ ಗಾಳಿಕೊಳವೆಯನ್ನು ಸೈಫನ್ ಮಾಡಿಕೊಂಡು ಬಿಳಿಯ ಗಸಿ ಮತ್ತು ಸತ್ತ ಮೈಯನ್ನು ಬಕೆಟ್ಟಿಗೆ ಎಳೆದುಹಾಕಿ. ಹವಳದ ಮೇಲೆ ಗಸಿ ಬಿದ್ದಿದ್ದರೆ ಪಿಪೆಟ್ಟಿನಿಂದ ಆಗಲೇ ಊದಿ ತೆಗೆಯಿರಿ, ಇಲ್ಲದಿದ್ದರೆ ಅಲ್ಲಿ ಹವಳದ ಚರ್ಮ ಸುಟ್ಟು ಬಿಳಿ ಕಲೆ ಉಳಿಯುತ್ತದೆ. ಪಂಪ್ ಹಾಕಿ, ಪಿಎಚ್ ಮತ್ತೆ ಅಳೆಯಿರಿ. 0.2ಕ್ಕಿಂತ ಹೆಚ್ಚು ಏರಿದ್ದರೆ ಆ ದಿನಕ್ಕೆ ಅಷ್ಟೇ ಸಾಕು. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಒಂದು ಸಲಕ್ಕೆ ಐದಾರು ಅನಿಮೋನ್ ಎಂದು ಮಿತಿ ಹಾಕಿಕೊಳ್ಳುವುದು ಕ್ಷೇಮ. ಮಿಕ್ಕವು ಒಂದೆರಡು ದಿನ ಕಾಯಲಿ. ಒಂದೇ ಭಾನುವಾರ ಎಲ್ಲವನ್ನೂ ಮುಗಿಸುವ ಹಟಕ್ಕೆ ಬಿದ್ದರೆ ಸಾಯುವುದು ಅನಿಮೋನ್ ಮಾತ್ರವಲ್ಲ.

ವಾರ ಕಳೆದು ಅದೇ ಜಾಗಗಳನ್ನು ಮತ್ತೆ ನೋಡಿ. ಒಂದೆರಡು ಕಡೆ ಗುಂಡುಸೂಜಿಯ ತಲೆಯಷ್ಟು ಮರಿಗಳು ಕಂಡರೆ ಬೇಸರಪಡಬೇಕಿಲ್ಲ, ಪಾದದ ಚೂರು ಉಳಿದಿತ್ತು ಎಂದಷ್ಟೇ ಅರ್ಥ. ಅವುಗಳಿಗೂ ಇದೇ ಉಪಚಾರ. ಹೀಗೆ ಎರಡು ತಿಂಗಳು ಬಿಡದೆ ನೋಡಿದವರ ತೊಟ್ಟಿಯಲ್ಲಿ ಇದರ ಕಾಟ ನಿಲ್ಲುತ್ತದೆ.

ನಿಂಬೆರಸ, ವಿನೆಗರ್, ಕುದಿಯುವ ನೀರು ಇವುಗಳನ್ನು ಚುಚ್ಚುವವರೂ ಇದ್ದಾರೆ. ಕುದಿನೀರು ಸಿರಿಂಜಿನಲ್ಲೇ ಅರ್ಧ ಆರಿಹೋಗುತ್ತದೆ. ನಿಂಬೆರಸ ಸೂಜಿ ಸರಿಯಾಗಿ ಮೈಯೊಳಗೆ ಹೊಕ್ಕರೆ ಕೊಲ್ಲುತ್ತದೆ, ಹೊರಗೆ ಚೆಲ್ಲಿದರೆ ನೀರಿನಲ್ಲಿ ಬೆರೆತು ಪಾದವನ್ನು ಮುಟ್ಟುವುದೇ ಇಲ್ಲ. ಬಂಡೆಗೆ ಅಂಟಿ ನಿಲ್ಲುವುದು ಪೇಸ್ಟಿಗಿರುವ ಗುಣ, ಅದಕ್ಕೇ ನನ್ನ ಮತ ಅದಕ್ಕೆ. ಸೂಪರ್‌ಗ್ಲೂ ಜೆಲ್ ಅಥವಾ ಎಪಾಕ್ಸಿಯಿಂದ ಮುಚ್ಚುವುದು ನುಣುಪಾದ ಜಾಗದಲ್ಲಿ ಮಾತ್ರ ಸರಿ. ತೂತುಗಳ ಬಂಡೆಯಾದರೆ ಅದು ಇನ್ನೊಂದು ತೂತಿನಿಂದ ತಲೆ ಹಾಕುತ್ತದೆ.

ಬಂಡೆಯನ್ನು ಹೊರಗೆ ತೆಗೆಯಬಹುದಾದರೆ

ಕೈಯಲ್ಲಿ ಹಿಡಿಯುವಷ್ಟು ಸಣ್ಣ ಬಂಡೆ, ಅದರ ಮೇಲೆ ಒಂದೆರಡೇ ಅನಿಮೋನ್ ಇದ್ದರೆ ಎಲ್ಲಕ್ಕಿಂತ ಸುಲಭದ ದಾರಿ ಇದು. ತೊಟ್ಟಿಯ ನೀರನ್ನೇ ತುಂಬಿದ ಬಕೆಟ್ಟಿಗೆ ಬಂಡೆಯನ್ನು ವರ್ಗಾಯಿಸಿ, ಅನಿಮೋನ್ ಅಂಟಿರುವ ಕಲ್ಲಿನ ತುಂಡನ್ನೇ ಉಳಿಯಿಂದಲೋ ಹವಳ ಕತ್ತರಿಸುವ ಕಟರಿನಿಂದಲೋ ಅನಿಮೋನಿನ ಸುತ್ತ ಬೆರಳಗಲ ಜಾಗ ಬಿಟ್ಟು ಎಬ್ಬಿಸಿ ಬಿಸಾಡಿ. ಕಲ್ಲು ಸಮೇತ ಹೋಯಿತೆಂದರೆ ಪಾದ ಸಮೇತ ಹೋಯಿತು. ಬಂಡೆಯನ್ನು ಬೇರೆ ಉಪ್ಪುನೀರಿನಲ್ಲಿ ಅಲುಗಿಸಿ ತೊಳೆದು ವಾಪಸು ಇಡಿ. ಬಕೆಟ್ಟಿನ ನೀರನ್ನು ತೊಟ್ಟಿಗೆ ಸುರಿಯಬೇಡಿ.

ಬಂಡೆಯಿಡೀ ಅನಿಮೋನ್ ಮುತ್ತಿದ್ದರೆ, ಅದರ ಮೇಲೆ ಉಳಿಸಿಕೊಳ್ಳಬೇಕಾದ ಹವಳ ಏನೂ ಇಲ್ಲದಿದ್ದರೆ, ಹೊರಗಿಟ್ಟು ವಾರಗಟ್ಟಲೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಬಹುದು. ಆಗ ಬಂಡೆಯಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಮತ್ತೆ ಬಳಸುವಾಗ ಹೊಸ ಬಂಡೆಯಂತೆ ಬೇರೆ ಪಾತ್ರೆಯಲ್ಲಿ ಅಮೋನಿಯ ಇಳಿಯುವವರೆಗೆ ಇಟ್ಟು ಹದಗೊಳಿಸಬೇಕು.

ಅಡುಗೆಮನೆಯಲ್ಲಿ ಬಂಡೆಯನ್ನು ಕುದಿಸಬೇಡಿ. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹವಳದ ತೊಟ್ಟಿಗಳಲ್ಲಿ ಸಾಮಾನ್ಯವಾಗಿರುವ ಪಾಲಿಥೋವಾ, ಜೋವಾಂಥಿಡ್ ಜಾತಿಯ ಕೆಲವು ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಅತಿ ಘೋರವಾದ ವಿಷವಿರುತ್ತದೆ. ಕುದಿಸಿದರೆ, ಬಿಸಿನೀರು ಸುರಿದು ಉಜ್ಜಿದರೆ, ಅದು ಹಬೆಯ ಜತೆ ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರ, ಕೆಮ್ಮು, ಉಸಿರುಕಟ್ಟು ಶುರುವಾಗುತ್ತವೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ 2018ರಲ್ಲಿ ಮನೆಯ ತೊಟ್ಟಿಯ ಹವಳದಿಂದ ಈ ವಿಷ ಹರಡಿ ಆ ಮನೆಯವರ ಜತೆಗೆ ನೆರವಿಗೆ ಬಂದ ತುರ್ತುಸೇವೆಯ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ಬಂಡೆಯ ಮೇಲೆ ಏನೇನಿದೆ ಎಂದು ನಿಮಗೆ ಖಚಿತವಿಲ್ಲದಿದ್ದರೆ ಅದನ್ನು ಒಣಗಿಸುವುದಿರಲಿ, ಬರಿಗೈಯಿಂದ ಮುಟ್ಟುವುದೂ ಬೇಡ.

ತಿನ್ನುವ ಜೀವಿಗಳು

ಇವುಗಳಲ್ಲಿ ನಂಬಿಕಸ್ಥ ಎಂದರೆ ಬರ್ಗಿಯಾ. ಎರಡು ಮೂರು ಸೆಂಟಿಮೀಟರ್ ಉದ್ದದ, ಚಿಪ್ಪಿಲ್ಲದ ಕಡಲ ಬಸವನಹುಳು ಇದು. ಫ್ಲಾರಿಡಾದ ಕಡಲಿನ ಈ ಪ್ರಭೇದವನ್ನು 2005ರಲ್ಲಷ್ಟೇ ವಿಜ್ಞಾನಿಗಳು ವಿವರಿಸಿ ಹೆಸರಿಟ್ಟರು. ಐಪ್ಟೇಶಿಯಾ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ, ಹವಳದ ಗೊಡವೆಗೆ ಹೋಗುವುದಿಲ್ಲ. ನಿಮ್ಮ ಸೂಜಿ ಮುಟ್ಟಲಾಗದ ಸಂದಿನೊಳಕ್ಕೂ ತೆವಳಿ ಹೋಗುತ್ತದೆ. ಪ್ರತಿಯೊಂದೂ ಗಂಡೂ ಹೌದು ಹೆಣ್ಣೂ ಹೌದು, ಹೀಗಾಗಿ ಯಾವ ಎರಡಿದ್ದರೂ ಸುರುಳಿ ಸುರುಳಿಯಾಗಿ ಬಿಳಿಯ ಮೊಟ್ಟೆಯ ಎಳೆ ಇಡುತ್ತವೆ.

ತಂದ ಬರ್ಗಿಯಾಗಳನ್ನು ತೊಟ್ಟಿಯ ನೀರಿಗೆ ನಿಧಾನವಾಗಿ ಒಗ್ಗಿಸಿ, ದೀಪ ಆರಿದ ಮೇಲೆ, ಪಂಪ್ ನಿಲ್ಲಿಸಿ, ಪಿಪೆಟ್ಟಿನಿಂದ ಐಪ್ಟೇಶಿಯಾ ಗುಂಪಿನ ಬುಡಕ್ಕೇ ಬಿಡಿ. ಅಲ್ಲಲ್ಲಿ ಒಂದೊಂದು ಚೆಲ್ಲುವುದಕ್ಕಿಂತ ಒಂದೇ ಕಡೆ ಐದಾರು ಬಿಡುವುದು ಮೇಲು. ಪಂಪುಗಳ ಬಾಯಿಗೆ ಸ್ಪಂಜು ಅಥವಾ ಜಾಲರಿ ಕಟ್ಟಿ. ದೊಡ್ಡ ಐಪ್ಟೇಶಿಯಾ ಪುಟ್ಟ ಬರ್ಗಿಯಾವನ್ನೇ ಕುಟುಕಬಲ್ಲದು, ಆದ್ದರಿಂದ ದೊಡ್ಡವನ್ನು ಮೊದಲೇ ಸುಣ್ಣದಿಂದ ಮುಗಿಸಿ ಸಣ್ಣವನ್ನು ಇವುಗಳಿಗೆ ಬಿಡಿ. ಬರ್ಗಿಯಾ ಬಿಟ್ಟ ಮೇಲೆ ಸಿರಿಂಜ್ ಮುಟ್ಟಬೇಡಿ. ಮುಂದಿನ ಕೆಲವು ವಾರ ಏನೂ ಆಗುತ್ತಿಲ್ಲ ಎನಿಸುತ್ತದೆ, ಅವು ಕಣ್ಣಿಗೂ ಬೀಳುವುದಿಲ್ಲ. ಮರಿಗಳು ಬೆಳೆದು ತಿನ್ನತೊಡಗಿದ ಮೇಲಷ್ಟೇ ವ್ಯತ್ಯಾಸ ಕಾಣುವುದು. ತಿಂಗಳುಗಳ ಲೆಕ್ಕದಲ್ಲಿ ತಾಳ್ಮೆ ಬೇಕು. ಸಿಕ್ಸ್‌ಲೈನ್ ರಾಸ್‌ನಂಥ ಮೀನು, ಪೆಪ್ಪರ್‌ಮಿಂಟ್ ಸೀಗಡಿ, ಆರೋ ಏಡಿ ಇರುವ ತೊಟ್ಟಿಗೆ ಬರ್ಗಿಯಾ ಬಿಟ್ಟರೆ ಮಾತ್ರ ಅವುಗಳಿಗೆ ದುಬಾರಿ ಊಟ ಬಡಿಸಿದಂತೆ. ಇನ್ನೊಂದು ತೊಡಕೆಂದರೆ ನಮ್ಮ ಅಂಗಡಿಗಳಲ್ಲಿ ಇವು ಅಪರೂಪ, ಹೆಚ್ಚಾಗಿ ಹವ್ಯಾಸಿಗಳ ಕೈಯಿಂದ ಕೈಗೆ ಸಾಗುತ್ತವೆ.

ಪೆಪ್ಪರ್‌ಮಿಂಟ್ ಸೀಗಡಿ ಸುಲಭವಾಗಿ ಸಿಗುತ್ತದೆ, ಸುಲಭವಾಗಿ ಮೋಸವೂ ಆಗುತ್ತದೆ. ಅಸಲಿ ಸೀಗಡಿಗೆ ಪಾರದರ್ಶಕ ಮೈ, ಅದರ ಮೇಲೆ ಕೆಂಪು ಗೆರೆಗಳು. ಕೆಂಪಿನ ನಡುವೆ ಬಿಳಿಯ ಪಟ್ಟೆ, ಚುಕ್ಕೆಗಳಿದ್ದು ಬೆನ್ನು ಡುಬ್ಬವಾಗಿದ್ದರೆ ಅದು ಕ್ಯಾಮೆಲ್ ಸೀಗಡಿ, ಐಪ್ಟೇಶಿಯಾ ಬಿಟ್ಟು ನಿಮ್ಮ ಹವಳಗಳನ್ನು ತಿನ್ನಲು ಕೂರುತ್ತದೆ. ಅಸಲಿಯೂ ಹೊಟ್ಟೆ ತುಂಬಿದ್ದರೆ ಅನಿಮೋನಿನ ಕಡೆ ತಿರುಗಿ ನೋಡುವುದಿಲ್ಲ. ಮೂರು ನಾಲ್ಕನ್ನು ಒಟ್ಟಿಗೆ ಬಿಟ್ಟು, ಮೀನುಗಳ ಆಹಾರವನ್ನು ಸ್ವಲ್ಪ ಬಿಗಿ ಮಾಡಿದರೆ ಸಣ್ಣ ಐಪ್ಟೇಶಿಯಾಗಳನ್ನು ರಾತ್ರಿ ಹೊತ್ತು ತಿನ್ನುತ್ತವೆ. ದೊಡ್ಡವನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ.

ಮೀನುಗಳಲ್ಲಿ ಎರಡು ಹೆಸರು ಕೇಳಿಬರುತ್ತವೆ. ಒಂದು ಬ್ರಿಸಲ್‌ಟೇಲ್ ಫೈಲ್‌ಫಿಷ್. ಬಂಡೆಯ ಬಣ್ಣಕ್ಕೆ ತಕ್ಕಂತೆ ಮೈಬಣ್ಣ ಬದಲಿಸುವ, ಈಜಲು ಸೋಮಾರಿಯಾದ ಪುಟ್ಟ ಮೀನು. ಐಪ್ಟೇಶಿಯಾವನ್ನು ಚೆನ್ನಾಗಿ ತಿನ್ನುತ್ತದೆ, ಕೆಲವೊಂದು ಮೀನು ಜೋವಾಂಥಿಡ್‌ಗಳಿಗೂ ತಿರುಳುಳ್ಳ ಹವಳಗಳಿಗೂ ಬಾಯಿ ಹಾಕುತ್ತದೆ. ಇನ್ನೊಂದು ಕಾಪರ್‌ಬ್ಯಾಂಡ್ ಚಿಟ್ಟೆಮೀನು. ಉದ್ದ ಮೂತಿಯ, ಕಿತ್ತಳೆ ಪಟ್ಟೆಯ ಚೆಲುವೆ. ತೊಟ್ಟಿಯ ಆಹಾರಕ್ಕೆ ಒಗ್ಗಿಕೊಳ್ಳದೆ ಸೊರಗಿ ಸಾಯುವ ಮೀನುಗಳಲ್ಲಿ ಇದಕ್ಕೆ ಮೊದಲ ಸಾಲಿನಲ್ಲೇ ಜಾಗ. ನಾನೂರು ಲೀಟರಿಗಿಂತ ದೊಡ್ಡ, ಹಳೆಯ ತೊಟ್ಟಿ ನಿಮ್ಮದಾಗಿದ್ದು, ಅಂಗಡಿಯಲ್ಲೇ ಅದು ಮೈಸಿಸ್ ತಿನ್ನುವುದನ್ನು ಕಣ್ಣಾರೆ ನೋಡಿದ್ದರೆ ಮಾತ್ರ ತನ್ನಿ. ಕಳೆ ತಿನ್ನಲೆಂದು ತಂದ ಮೀನನ್ನು ಕಳೆ ಮುಗಿದ ಮೇಲೆ ಉಪವಾಸ ಕೆಡವುವುದು ಹವ್ಯಾಸವಲ್ಲ, ಕ್ರೌರ್ಯ.

ಮಜಾನೋ ವಿಷಯದಲ್ಲಿ ಈ ಪಟ್ಟಿ ಬಹುಮಟ್ಟಿಗೆ ಕೈಕೊಡುತ್ತದೆ. ಬರ್ಗಿಯಾ ಅದನ್ನು ಮುಟ್ಟುವುದಿಲ್ಲ, ಸೀಗಡಿಯನ್ನು ನಂಬುವಂತಿಲ್ಲ. ಸುಣ್ಣದ ಪೇಸ್ಟ್ ಮತ್ತು ಉಳಿ ಇವೆರಡೇ ಗತಿ. ಪುಣ್ಯಕ್ಕೆ ಅದು ಐಪ್ಟೇಶಿಯಾದಷ್ಟು ಚುರುಕಾಗಿ ಅಡಗುವುದಿಲ್ಲ.

ಊಟದ ಲೆಕ್ಕ

ಅನಿಮೋನ್ ಸಂಖ್ಯೆ ಏರುತ್ತಲೇ ಇದೆ ಎಂದರೆ ತೊಟ್ಟಿಗೆ ಬೀಳುವ ಆಹಾರ ಹೆಚ್ಚಾಗಿದೆ. ಹೆಪ್ಪುಗಟ್ಟಿದ ಆಹಾರವನ್ನು ಕರಗಿಸಿ, ಬಲೆಯಲ್ಲಿ ತೊಳೆದು, ಆ ರಸವನ್ನು ಚೆಲ್ಲಿ ನಂತರ ಹಾಕಿ. ಮೀನುಗಳು ಎರಡು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ. ಹವಳಕ್ಕೆಂದು ಪುಡಿ ಆಹಾರವನ್ನು ನೀರಿಗೆಲ್ಲ ಎರಚುವ ಅಭ್ಯಾಸವನ್ನು ಈ ಹೋರಾಟ ಮುಗಿಯುವ ತನಕ ನಿಲ್ಲಿಸಿ. ಹಾಗೆಂದು ನೈಟ್ರೇಟ್, ಫಾಸ್ಫೇಟ್‌ಗಳನ್ನು ಸೊನ್ನೆಗೆ ಇಳಿಸಲು ಹೊರಡಬೇಡಿ. ಅದರಿಂದ ಹವಳ ಬಿಳಿಚುತ್ತದೆ, ಡೈನೋಫ್ಲಾಜಲೇಟ್ ಎಂಬ ಕಂದು ಲೋಳೆ ಅಮರಿಕೊಳ್ಳುತ್ತದೆ. ಐಪ್ಟೇಶಿಯಾ ಮಾತ್ರ ಉಳಿದುಕೊಳ್ಳುತ್ತದೆ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.1 ಪಿಪಿಎಂ ಒಳಗಿದ್ದರೆ ಸಾಕು.

ಮತ್ತೆ ಒಳಗೆ ಬಿಡದಿರಲು

ಇದು ತಾನಾಗಿ ಹುಟ್ಟುವುದಿಲ್ಲ, ಬಂಡೆಯ ಜತೆ ಅಥವಾ ಹವಳದ ತುಂಡನ್ನು ಅಂಟಿಸಿರುವ ಪುಟ್ಟ ಬಿಲ್ಲೆಯ ಅಡಿಯಲ್ಲಿ ಬರುತ್ತದೆ. ಬಂಡೆಗೆ ಒಣ ಬಂಡೆಯನ್ನೇ ಆರಿಸಿ. ಕಡಲಿನಿಂದ ಎತ್ತಿ ತಂದ ಜೀವಂತ ಬಂಡೆ, ಹವಳಗಳ ಆಸೆ ಬೇಡ. ಭಾರತದ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಹೋದಾಗ ಒಂದು ಚೂರನ್ನು ಜೇಬಿಗೆ ಹಾಕಿಕೊಂಡರೂ ಅದು ಅಪರಾಧವೇ.

ಹೊಸ ಹವಳದ ತುಂಡು ಬಂದಾಗ ಬಿಲ್ಲೆಯಿಂದ ಅದನ್ನು ಕತ್ತರಿಸಿ ಬೇರ್ಪಡಿಸಿ, ಹಳೆಯ ಬಿಲ್ಲೆ ಎಸೆದು ಹೊಸ ಬಿಲ್ಲೆಗೆ ಅಂಟಿಸಿ. ಇದೊಂದೇ ಅಭ್ಯಾಸ ಅರ್ಧಕ್ಕರ್ಧ ತೊಂದರೆ ತಪ್ಪಿಸುತ್ತದೆ. ಅಯೋಡಿನ್ ಮುಂತಾದ ದ್ರಾವಣಗಳಲ್ಲಿ ಅದ್ದುವುದು ಚಪ್ಪಟೆ ಹುಳುಗಳಿಗೆ ಸರಿ. ಐಪ್ಟೇಶಿಯಾ ಮುದುಡಿ ಕುಳಿತು ಅದನ್ನು ದಾಟಿಬಿಡುತ್ತದೆ. ಇಪ್ಪತ್ತು ಲೀಟರಿನ ಪುಟ್ಟ ತೊಟ್ಟಿಯಲ್ಲಿ ಹೀಟರ್, ಸಣ್ಣ ಪಂಪ್, ಸಾಧಾರಣ ದೀಪ ಇಟ್ಟು ಹೊಸ ಹವಳವನ್ನು ನಾಲ್ಕರಿಂದ ಆರು ವಾರ ಬೇರೆಯಾಗಿ ಇಡಿ. ಅಡಗಿದ್ದ ಮರಿ ಅಷ್ಟರಲ್ಲಿ ಕಣ್ಣಿಗೆ ಬೀಳುವಷ್ಟು ಬೆಳೆದಿರುತ್ತದೆ.

ನೀವು ಗೆಳೆಯರಿಗೆ ಹವಳದ ತುಂಡು ಕೊಡುವಾಗಲೂ ಬಿಲ್ಲೆಯನ್ನು ಮಗುಚಿ ನೋಡಿಯೇ ಕೊಡಿ. ತೊಟ್ಟಿಯಲ್ಲಿ ಐಪ್ಟೇಶಿಯಾ ಇದ್ದರೆ ಅದನ್ನು ಮೊದಲೇ ಹೇಳಿ. ಬರ್ಗಿಯಾ ತಂದು ನಿಮ್ಮ ತೊಟ್ಟಿ ಸ್ವಚ್ಛವಾಗಿದ್ದರೆ ಅವು ಹಸಿವಿನಿಂದ ಸಾಯುವ ಮುನ್ನ ರಾತ್ರಿ ಟಾರ್ಚ್ ಹಿಡಿದು ಹಿಡಿಯಲಾದಷ್ಟನ್ನು ಪಿಪೆಟ್ಟಿನಲ್ಲಿ ಹೀರಿ, ತೊಟ್ಟಿಯದೇ ನೀರು ತುಂಬಿದ ಡಬ್ಬಿಗೆ ಹಾಕಿ, ಐಪ್ಟೇಶಿಯಾ ಕಾಟ ಇನ್ನೂ ಮುಗಿಯದ ಹವ್ಯಾಸಿಯೊಬ್ಬರಿಗೆ ಮರುದಿನವೇ ತಲುಪಿಸಿ.